ಅವಳಿಪುರದ ಮರಳು

ನಾನು ಹುಟ್ಟಾ ಪುಕ್ಕಲಿ. ಬಸ್ಸು ಸೇತುವೆ ಮೇಲೆ ಹೋದರೆ ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತೇನೆ. ಗ್ಯಾಸ್ ಆರಿಸಿ ಹೊರಗೆ ಬಂದವಳು ಬೀಗ ತೆಗೆದು ಮತ್ತೆ ನೋಡಿ ಬರುತ್ತೇನೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಯಾರೋ ಹೋದರು ಎಂದೇ ನನ್ನ ಲೆಕ್ಕ. ನಮ್ಮ ಮನೆಯಲ್ಲಿ ಇದು ಹಳೆಯ ತಮಾಷೆ. "ಅವ್ಳು ಎದ್ರುಕೊಂಡವ್ಳಾ? ಅಂಗಾರೆ ಏನೂ ಆಗಾಕಿಲ್ಲ ಬುಡು" ಎಂದು ಅಪ್ಪ ನಗುತ್ತಿದ್ದ. ಅಮ್ಮನೂ ತಂಗಿಯೂ ನಗುತ್ತಿದ್ದರು. ನಾನು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಆಮೇಲೆ ಅವರ ಜೊತೆ ಸೇರುತ್ತಿದ್ದೆ.

ನಾನು ಹೊಳೆನರಸೀಪುರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಬಾಡಿಗೆ ಮನೆ ಇರುವುದು ಹಾಸನದಲ್ಲಿ. ಭಾನುವಾರ ಮಧ್ಯಾಹ್ನ ಗೆಳತಿಯ ಔಷಧಿ ಅಂಗಡಿಯ ಮಹಡಿಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಆಟ ಆಡುತ್ತಿದ್ದೆವು. ಆ ಗೆಳತಿ, ಅರಕಲಗೂಡಿನಿಂದ ಬರುತ್ತಿದ್ದ ಒಬ್ಬ ಗಂಡ ಹೆಂಡತಿ, ನಾನು. ಆಟ ಅಂದರೆ ಇಷ್ಟೇ. ಒಬ್ಬರು ಇಲ್ಲದ ಊರೊಂದನ್ನು ಕಟ್ಟಿ, ಅದರ ನಕ್ಷೆ ಬರೆದು, ಅಲ್ಲಿ ಏನೇನಾಗುತ್ತಿದೆ ಎಂದು ಹೇಳುತ್ತಾ ಹೋಗಬೇಕು. ಉಳಿದವರು ಮಾಟಗಾರ್ತಿಯೋ ಬೇಟೆಗಾರನೋ ಕಳ್ಳನೋ ಆಗಿ ಆ ಊರಿನಲ್ಲಿ ಓಡಾಡಬೇಕು. ಬಾಗಿಲು ಒದೆಯುತ್ತೇನೆ, ಗೋಡೆ ಹತ್ತುತ್ತೇನೆ ಎನ್ನಬೇಕು. ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಊರು ಕಟ್ಟುವ ಕೆಲಸ ನನಗೆ ಬಿತ್ತು. "ಪುಕ್ಕಲಿ ಕೈಗೇ ಕೊಡಬೇಕು ಕಣ್ರೇ. ಎಲ್ಲೆಲ್ಲಿ ಏನೇನು ಕೆಟ್ಟದ್ದಾಗಬಹುದು ಅಂತ ಇವಳಿಗೆ ಮೊದಲೇ ಗೊತ್ತಿರುತ್ತೆ" ಎಂದಳು ಔಷಧಿ ಅಂಗಡಿಯವಳು. ಹೊಗಳಿದಳೋ ಕಾಲೆಳೆದಳೋ ಗೊತ್ತಾಗಲಿಲ್ಲ. ಒಪ್ಪಿಕೊಂಡೆ.

ಕಾಣದ ಊರನ್ನು ಬರೆಯಲು ನನಗೆ ಬರುವುದಿಲ್ಲ. ಕಂಡ ಊರುಗಳನ್ನೇ ಕದ್ದೆ. ಹೊಳೆನರಸೀಪುರದ ಹತ್ತಿರ ಹೇಮಾವತಿ ಬಳುಕುವ ಜಾಗವನ್ನು ಹಾಗೇ ಎತ್ತಿ ತಂದು ಊರಿನ ಗಡಿ ಮಾಡಿದೆ. ಹಾಸನದ ಹತ್ತಿರ ಮೊಸಳೆ ಎಂಬ ಊರಿನಲ್ಲಿರುವ ಜೋಡಿ ಗುಡಿಗಳನ್ನು ಊರ ನಡುವೆ ನಿಲ್ಲಿಸಿ, ಒಂದರಲ್ಲಿ ಹಗಲಿನ ಮಾಟಗಾರ್ತಿಯನ್ನೂ ಇನ್ನೊಂದರಲ್ಲಿ ಅವಳ ಮುಖ ಕಂಡರಾಗದ ಇರುಳಿನ ಮಾಟಗಾರ್ತಿಯನ್ನೂ ಕೂರಿಸಿದೆ. ಊರಿಗೆ ಅವಳಿಪುರ ಎಂದು ಹೆಸರು ಬಂದದ್ದು ಹೀಗೆ. ಅರಕಲಗೂಡು ಕಡೆಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಎಂಬ ಬಿಸಿಮನೆಗಳಲ್ಲಿ ಘಟಸರ್ಪದ ಮೊಟ್ಟೆಗಳು ಕಾವಿಗೆ ಕೂತವು. ಅದಕ್ಕೆ ಗಂಡ ಹೆಂಡತಿ ಇಬ್ಬರೂ ಚಪ್ಪಾಳೆ ತಟ್ಟಿದರು. ಬೀದಿಗಳಿಗೂ ಕೆರೆಗೂ ನಾನು ಎಲ್ಲೂ ಹುಡುಕಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಬಾಗೂರಿನಿಂದ ಆಚೆಗಿರುವ ನಮ್ಮೂರಿನ ಕೆರೆ, ಏರಿ, ಏರಿ ಕೆಳಗಿನ ಬೀದಿ, ಎಲ್ಲವನ್ನೂ ಅಳತೆ ಸಮೇತ ಇಳಿಸಿದೆ. ನಮ್ಮ ಮನೆಯಿರುವ ಬೀದಿಯೇ ಅವಳಿಪುರದ ಪೇಟೆ ಬೀದಿಯಾಯಿತು.

ನಮ್ಮ ಆಟಕ್ಕೆ ಒಂದು ಕಟ್ಟುನಿಟ್ಟು ಇತ್ತು. ನಕ್ಷೆಯಲ್ಲಿ ಏನೇ ಇಟ್ಟರೂ, ಇದು ಇಲ್ಲಿಗೆ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ಊರು ಕಟ್ಟಿದವರು ಉತ್ತರ ಹೇಳಬೇಕು. ಹೇಳಲು ಬಾರದಿದ್ದರೆ ಅಳಿಸಬೇಕು. ಸುಮ್ಮನೆ ಅಂದಕ್ಕೆಂದು ಏನನ್ನೂ ಇಡುವಂತಿಲ್ಲ.

ಆ ಭಾನುವಾರ ಔಷಧಿ ಅಂಗಡಿಯವಳು ಗುಂಡಿ ತೋಡುವವಳ ಪಾತ್ರದಲ್ಲಿದ್ದಳು. ಪೇಟೆ ಬೀದಿಯಲ್ಲಿ ಕಳ್ಳದಾರಿ ತೋಡುತ್ತೇನೆ, ನೆಲದಲ್ಲಿ ಏನು ಸಿಗುತ್ತದೆ ಎಂದು ಕೇಳಿದಳು. ನಾನು ಯೋಚಿಸದೆ, "ಮರಳು. ಮೊಣಕಾಲುದ್ದ ಒಳ್ಳೆ ಮರಳು" ಎಂದೆ. ನಮ್ಮ ಮನೆ ಕಟ್ಟುವಾಗ ಪಾಯದಲ್ಲಿ ಬಂದದ್ದು ಅದೇ. ಮೇಸ್ತ್ರಿ ಅದನ್ನು ಮುಷ್ಟಿಯಲ್ಲಿ ಹಿಡಿದು, "ನಿಮ್ ಅದೃಷ್ಟ ಕಣ್ ಸಾ, ಮರಳು ಮನೆ ಬಾಗ್ಲಿಗೇ ಬಂದದೆ" ಎಂದದ್ದು, ಅಪ್ಪ ಅವನಿಗೆ ಅಲ್ಲೇ ಕಾಫಿ ತರಿಸಿದ್ದು ನಮ್ಮಲ್ಲಿ ಇವತ್ತಿಗೂ ಹೇಳುವ ಕತೆ. ಅದೇ ಮರಳಿನಲ್ಲಿ ಅರ್ಧ ಗೋಡೆ ಎದ್ದಿತ್ತು.

"ಕೆರೆ ಕೆಳಗಿನ ಮಣ್ಣು ಕಪ್ಪು ಜೇಡಿ ಅಂತ ಹೋದ ವಾರ ನೀನೇ ಹೇಳಿದೆ. ಒಂದು ಬೀದೀಲಿ ಮಾತ್ರ ಮರಳು ಎಲ್ಲಿಂದ ಬಂತು?" ಎಂದಳು ಅವಳು.

ಅಳಿಸಿಬಿಡೋಣವೆಂದು ನಾನು ರಬ್ಬರು ಎತ್ತಿಕೊಂಡೆ. ಅರಕಲಗೂಡಿನವನು ಪೆನ್ಸಿಲು ತೆಗೆದುಕೊಂಡು ನನ್ನ ನಕ್ಷೆಯ ಮೇಲೆ ಬಗ್ಗಿದ. ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಬೀಳುವ ಕೋಡಿಯನ್ನು ನಾನು ನಮ್ಮೂರಿನಲ್ಲಿರುವ ಕಡೆಯೇ, ಏರಿಯ ಬಲತುದಿಯಲ್ಲಿ ಬರೆದಿದ್ದೆ. ಅಲ್ಲಿಂದ ಅವನು ತಗ್ಗು ಹುಡುಕುತ್ತಾ ಗೆರೆ ಎಳೆದ. ಗೆರೆ ಪೇಟೆ ಬೀದಿಗೆ ಇಳಿದು, ಬೀದಿಯುದ್ದ ಓಡಿ, ಆಚೆ ಕೆಳಗಿನ ಕೆರೆಗೆ ಹೋಗಿ ಸೇರಿತು. "ಇದು ಬೀದಿ ಅಲ್ಲ ಕಣಮ್ಮ. ಕೋಡಿ ಹಳ್ಳ. ನೀರೇ ಮರಳು ತಂದು ಆಕಿರೋದು. ಇವ್ರು ಹಳ್ಳದಾಗೆ ಮನೆ ಕಟ್ಕಂಡವ್ರೆ" ಎಂದ. ಮೂವರೂ ಖುಷಿಯಾಗಿ ನಕ್ಕರು. ಎಂಥ ಚೆನ್ನಾದ ಗುಟ್ಟು ಅಡಗಿಸಿಟ್ಟಿದ್ದೀಯಾ ಎಂದು ನನ್ನ ಬೆನ್ನು ತಟ್ಟಿದರು.

ಆ ಗೆರೆ ನಮ್ಮ ಮನೆಯ ನಡುಮನೆಯ ಮೇಲೆ ಹಾದು ಹೋಗಿತ್ತು. ಅಲ್ಲಿ, ನಿಜವಾದ ನಡುಮನೆಯ ಪಕ್ಕದ ಕೋಣೆಯಲ್ಲಿ, ನನ್ನ ತಂಗಿ ಬಾಣಂತನಕ್ಕೆ ಬಂದು ಮಲಗಿದ್ದಳು. ತಿಂಗಳೂ ತುಂಬದ ಕೂಸು ಅವಳ ಪಕ್ಕದಲ್ಲಿತ್ತು. ಆ ವರ್ಷ ಮಳೆ ಹಿಡಿದದ್ದು ಬಿಟ್ಟಿರಲಿಲ್ಲ. ಮೇಲಿಂದ ಕಾಲುವೆ ನೀರು ಬೇರೆ ಕೆರೆಗೆ ಬಿಟ್ಟಿದ್ದರು. ಕೆರೆ ತುಂಬುತ್ತಿದೆ ಎಂದು ಅಪ್ಪ ದಿನಾ ಫೋನಿನಲ್ಲಿ ಹಬ್ಬದ ದನಿಯಲ್ಲಿ ಹೇಳುತ್ತಿದ್ದ.

ರಜೆ ಹಾಕಿ ಮರುದಿನವೇ ಊರಿಗೆ ಹೋದೆ. ಬಸ್ಸು ಇಳಿದವಳು ಮನೆಗೆ ಹೋಗದೆ ನೆಟ್ಟಗೆ ಏರಿ ಹತ್ತಿದೆ. ನಾನು ಬುದ್ಧಿ ಬಂದಾಗಿನಿಂದ ಜಾಲಿ ಬೆಳೆದ ಬಯಲಾಗಿಯೇ ಕಂಡಿದ್ದ ಕೆರೆ ಈಗ ಕಣ್ಣು ಹಾಯುವವರೆಗೆ ನೀರು. ಜನ ಸಾಲಾಗಿ ನಿಂತು ನೋಡುತ್ತಿದ್ದರು. ನಾನು ಮಾತ್ರ ನೀರಿಗೆ ಬೆನ್ನು ಹಾಕಿ ಕೋಡಿಯ ಕಡೆ ನಡೆದೆ. ಕೋಡಿಯ ಕಲ್ಲಿನಿಂದ ಕೆಳಗೆ ಕಣ್ಣು ಹಾಯಿಸಿದರೆ ಅರಕಲಗೂಡಿನವನು ಎಳೆದ ಗೆರೆ ಹಾಗೇ ಕಾಣುತ್ತಿತ್ತು. ಅದರ ಮೇಲೆ ಸಿಮೆಂಟು ರಸ್ತೆ, ಎರಡೂ ಕಡೆ ಮನೆಗಳು, ನಮ್ಮ ಮನೆಯ ನೀಲಿ ಬಾಗಿಲು. ಹಿಂದೆ ಕೆರೆ ಕೋಡಿ ಬಿದ್ದಾಗ ಅಲ್ಲಿ ಮನೆಗಳಿರಲಿಲ್ಲ. ನೀರು ಯಾವ ಕಡೆ ಹೋಯಿತೆಂದು ನೋಡಿಟ್ಟುಕೊಳ್ಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಮನೆಗೆ ಬಂದು ಹೇಳಿದೆ. ಅಪ್ಪ ಮೊದಲು ನಕ್ಕ. "ಆಟದಾಗೆ ನೀರು ಬಂತು ಅಂತ ರಜಾ ಆಕ್ಕಂಡ್ ಬಂದ್ಬುಟ್ಯಾ? ಚರಂಡಿ ಅದೆಯಲ್ಲವ್ವಾ, ಅದ್ರಾಗೆ ಓಯ್ತದೆ" ಎಂದ. ಚರಂಡಿಗೆ ನನ್ನ ಮೊಳದಷ್ಟು ಅಗಲವೂ ಇರಲಿಲ್ಲ. ಅಮ್ಮನಿಗೆ ಮಾತ್ರ ಸಿಟ್ಟು ಬಂತು. "ಬಾಣಂತಿ ಮನೇಲಿ ಅಪಶಕುನ ನುಡೀಬ್ಯಾಡ ಕಣಮ್ಮಿ. ಊರೋರೆಲ್ಲಾ ಕೆರೆ ತುಂಬ್ಲಿ ಅಂತ ಅರಕೆ ಒತ್ತವ್ರೆ. ನೀನು ತುಂಬಬಾರ್ದು ಅಂತೀಯಾ?"

ಹೌದು, ನಾನು ಹಾಗೇ ಅಂದುಕೊಳ್ಳುತ್ತಿದ್ದೆ. ಕೆರೆ ತುಂಬದಿರಲಿ ಎಂದು ಬೇಡಿಕೊಳ್ಳುವ ಹೆಣ್ಣು ನಮ್ಮೂರಿನಲ್ಲಿ ನಾನೊಬ್ಬಳೇ ಇದ್ದಿರಬೇಕು. ಅದನ್ನು ಬಾಯಿಬಿಟ್ಟು ಹೇಳುವುದಕ್ಕೂ ಹೆದರಿಕೆ. ತಂಗಿಯನ್ನು ಹಾಸನಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದೆ. ಬಾಣಂತಿ ಹೊಸಿಲು ದಾಟುವಂತಿಲ್ಲ ಎಂದಳು ಅಮ್ಮ. ಅದರಲ್ಲೂ ತುಂಬಿದ ಕೆರೆಯ ಕಡೆ ಮುಖ ಹಾಕಲೇಬಾರದಂತೆ, ಎಳೆಗೂಸಿಗೆ ಆಗಿಬರುವುದಿಲ್ಲವಂತೆ. ಅಮ್ಮನ ಮಾತಿನ ಮೇಲೆ ಆ ಮನೆಯಲ್ಲಿ ಇನ್ನೊಂದು ಮಾತಿಲ್ಲ.

ಕಿವಿಗೆ ಬಟ್ಟೆ ಸುತ್ತಿಕೊಂಡು, ಬೇಸರದಲ್ಲಿ ಸೂರು ನೋಡುತ್ತಾ ಮಲಗಿದ್ದ ತಂಗಿ, "ಅದೇನಕ್ಕ ನಿನ್ನ ಆಟ? ನಂಗೂ ಯೋಳ್ಕೊಡು, ತಲೆ ಕೆಟ್ಟೋಗದೆ ಇಲ್ಲಿ" ಎಂದಳು. ನಾನು ಮಂಚದ ಮೇಲೆ ಅವಳಿಪುರದ ನಕ್ಷೆ ಹರಡಿದೆ. ಅವಳು ಕಳ್ಳಿಯಾದಳು. ಪೇಟೆ ಬೀದಿಯ ನೀಲಿ ಬಾಗಿಲಿನ ಮನೆಯೊಳಗೆ ಅಡಗಿದ್ದಾಳೆ, ಮಗ್ಗುಲಲ್ಲಿ ಕದ್ದು ತಂದ ಘಟಸರ್ಪದ ಮೊಟ್ಟೆಯಿದೆ, ಅದು ಒಡೆಯುವಂತಿಲ್ಲ. ನಾನು ಬೇಕೆಂದೇ ಹೇಳಿದೆ: ಕೆರೆಯ ನೀರು ಬೀದಿಗೆ ಬಂತು, ಏನು ಮಾಡುತ್ತೀಯಾ?

"ಬಾಗ್ಲು ತಗ್ದು ಓಡ್ತೀನಿ" ಎಂದಳು. ದಾಳ ಉರುಳಿಸಿದಳು. ಕಳ್ಳಿ ಮುಳುಗಿದಳು. ಇದು ಅನ್ಯಾಯ, ನಾನು ಮತ್ತೆ ಆಡುತ್ತೇನೆ ಎಂದು ಹಟ ಮಾಡಿದಳು. ಮರುದಿನದ ಆಟದಲ್ಲಿ ಅಟ್ಟ ಹತ್ತಿದಳು. ಮೇಲೆ ಶೀಟು, ಹೊರಬರಲು ದಾರಿಯಿಲ್ಲ. ಕಳ್ಳಿ ಮತ್ತೆ ಸತ್ತಳು. ತಂಗಿಗೆ ನಿಜವಾಗಿಯೂ ಕೋಪ ಬಂತು. ಕೂಸಿಗೆ ಹಾಲು ಕೊಡುತ್ತಲೇ ಯೋಚಿಸತೊಡಗಿದಳು. ಕೊನೆಗೆ ಹಿತ್ತಲಿನಿಂದ ಹೋಗುತ್ತೇನೆ ಎಂದಳು. ನಮ್ಮ ಹಿತ್ತಲ ಗೋಡೆಯ ಆಚೆ, ಎತ್ತರದ ಕಲ್ಲುಕಟ್ಟಿನ ಮೇಲೆ, ಕೊಬ್ಬರಿ ವ್ಯಾಪಾರ ಮಾಡುವ ಜೈನರ ಮನೆಯಿದೆ. ಅವರ ಕೊಬ್ಬರಿ ಅಟ್ಟಕ್ಕೆ ಹೊರಗಿನಿಂದಲೇ ಮೆಟ್ಟಿಲು. "ಓಗಿ ನೋಡ್ಬಾ ಅಕ್ಕ, ಒಗೆಯೋ ಕಲ್ಲಿನ ಮ್ಯಾಲೆ ನಿಂತ್ರೆ ಗ್ವಾಡೆ ಎಟಕ್ತದಾ?"

ನೋಡಿದೆ. ಎಟುಕುತ್ತಿರಲಿಲ್ಲ. ಹಳೆಯ ಒರಳುಕಲ್ಲನ್ನು ಉರುಳಿಸಿಕೊಂಡು ಬಂದು ಒಗೆಯುವ ಕಲ್ಲಿನ ಮಗ್ಗುಲಿಗೆ ಬೋರಲು ಹಾಕಿ, ಅದರ ಮೇಲೆ ಇಟ್ಟಿಗೆ ಪೇರಿಸಿದೆ. ಗೋಡೆಯ ಮೇಲೆ ಅಂಟಿಸಿದ್ದ ಗಾಜಿನ ಚೂರುಗಳನ್ನು ಸುತ್ತಿಗೆಯಿಂದ ತಟ್ಟಿ ಉದುರಿಸಿದೆ. ಅಮ್ಮ ಬಂದು ನೋಡಿ, ಇವಳಿಗೆ ಯಾವ ದೆವ್ವ ಹಿಡಿಯಿತು ಎಂದುಕೊಂಡು ಒಳಗೆ ಹೋದಳು. ಆ ದಿನ ಕಳ್ಳಿ ಮೊಟ್ಟೆಯನ್ನು ಎದೆಗೆ ಕಟ್ಟಿಕೊಂಡು ಅಟ್ಟ ಸೇರಿದಳು. ತಂಗಿ ಮಂಚದ ಮೇಲೇ ಕುಣಿದಳು. ನನಗೂ ಒಂದು ಗಳಿಗೆ ಹೆದರಿಕೆ ಮರೆತಿತ್ತು.

ಆಮೇಲೆ ಮರಳಿನ ಚೀಲಗಳ ಸುದ್ದಿ ಬಂತು. ಬಾಗಿನ ಅರ್ಪಿಸಲು ಊರವರು ಒಳ್ಳೆಯ ಮುಹೂರ್ತ ಇಡಿಸಿದ್ದರು. ಕೆರೆಗೆ ಮುಹೂರ್ತ ಗೊತ್ತಿಲ್ಲವಲ್ಲ, ಅದು ಒಂದು ದಿನ ಮೊದಲೇ ತುಂಬಿ ಕೋಡಿಯ ಅಂಚಿಗೆ ಬಂದು ನಿಂತಿತು. ಪೂಜೆಗೆ ಮುಂಚೆ ನೀರು ಹೋದರೆ ಚೆಂದವಲ್ಲ ಎಂದು ಚೀಲಗಳಿಗೆ ಮರಳು ತುಂಬಿ ಕೋಡಿಯ ಮೇಲೆ ಅಡ್ಡ ಪೇರಿಸಿದರು. ನಾಳೆ ಬಾಗಿನ ಬಿಟ್ಟ ಮೇಲೆ ವಾದ್ಯದ ಸಮೇತ ಚೀಲ ಎಳೆಯುವುದು, ಆಗ ಎಲ್ಲರ ಕಣ್ಣೆದುರಿಗೆ ಭರ್ಜರಿಯಾಗಿ ಕೋಡಿ ಬೀಳುವುದು. ಚೀಲ ಹೊತ್ತವರಲ್ಲಿ ಅಪ್ಪನೂ ಒಬ್ಬ. ಬೆನ್ನು ನೋವೆಂದು ಎಣ್ಣೆ ಹಚ್ಚಿಸಿಕೊಳ್ಳುತ್ತಾ ಹೆಮ್ಮೆಯಿಂದ ಹೇಳಿದ.

"ಅಪ್ಪ, ನಿಧಾನವಾಗಿ ಹೋಗೋ ನೀರನ್ನ ಕಟ್ಟಿ ಒಟ್ಟಿಗೆ ಬಿಡ್ತೀರಲ್ಲ" ಎಂದೆ.

"ಎದ್ರಬ್ಯಾಡ್ವೆ, ನಾವಿಲ್ವಾ" ಎಂದ.

ಆ ಸಂಜೆ ಹಿತ್ತಲಿಗೆ ಹೋಗಿ ಒರಳಿನ ಮೇಲಿನ ಇಟ್ಟಿಗೆಗಳನ್ನು ಮತ್ತೆ ಮತ್ತೆ ತಟ್ಟಿ ನೋಡಿ ಬಂದೆ.

ಬೆಳಿಗ್ಗೆ ಬೀದಿಯೇ ಖಾಲಿಯಾಯಿತು. ಹೆಂಗಸರು ಮೊರದ ಬಾಗಿನ ಹಿಡಿದು ಹೊಸ ಸೀರೆಯಲ್ಲಿ ಹೋದರು. ನಡೆಯಲಾಗದ ಮುದುಕರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಅಮ್ಮ ಹೋಗುವಾಗ ಹೊಸಿಲ ಮೇಲೆ ನಿಂತು, "ಅವ್ಳನ್ನ ಆಚೆಗೆ ಬುಟ್ಟೀಯಾ ಜ್ವಾಕೆ" ಎಂದು ನನಗೆ ಕೈ ತೋರಿಸಿ ಎಚ್ಚರಿಸಿದಳು. ಉಳಿದವರು ತಂಗಿ, ಕೂಸು, ನಾನು. ನಾನು ಮುಂಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತೆ. ಏರಿಯ ಮೇಲಿಂದ ವಾದ್ಯ ಕೇಳುತ್ತಿತ್ತು. ವಾದ್ಯ ನಿಂತಿತು. ಮಂತ್ರ ಇರಬೇಕು. ಆಮೇಲೆ ಜನರೆಲ್ಲ ಒಟ್ಟಿಗೆ ಹೋ ಎಂದು ಕೂಗಿದರು. ವಾದ್ಯ ಇನ್ನೂ ಜೋರಾಗಿ ಶುರುವಾಯಿತು.

ಮೊದಲು ಬಂದದ್ದು ಕಸ. ಬೀದಿಯ ಮೇಲುತುದಿಯಲ್ಲಿ ಒಣ ಎಲೆ, ಪ್ಲಾಸ್ಟಿಕ್ಕು, ನೊರೆ, ಯಾರದೋ ಚಪ್ಪಲಿ, ಎಲ್ಲ ಒಂದು ಸಾಲಾಗಿ ನಡೆದುಕೊಂಡು ಬರುವಂತೆ ಬಂದವು. ಅದರ ಹಿಂದೆ ಕೆಂಪು ನೀರು. ಅದು ಚರಂಡಿಯ ಕಡೆ ತಿರುಗಿಯೂ ನೋಡಲಿಲ್ಲ. ಬೀದಿಯ ಅಗಲಕ್ಕೂ ಹಬ್ಬಿ, ಎದುರು ಮನೆಯ ಕಟ್ಟೆ ಮುಳುಗಿಸಿ, ನಮ್ಮ ಮೆಟ್ಟಿಲು ಹತ್ತಿತು.

ಇಷ್ಟು ದಿನ ಇದಕ್ಕೇ ಹೆದರಿದ್ದೆ. ದಾರಿ ಹುಡುಕಿಸಿದ್ದೆ, ಕಲ್ಲು ಉರುಳಿಸಿದ್ದೆ. ಈಗ ಅದು ಎದುರಿಗೆ ಬಂದರೆ ನನಗೆ ಕಾಲು ಬರಲಿಲ್ಲ. ಕೂಗಲು ಹೋದೆ, ದನಿಯೂ ಇಲ್ಲ. ನೀರು ಪಾದ ಮುಟ್ಟಿತು, ಹೊಸಿಲ ರಂಗೋಲಿ ಕರಗಿತು, ನಾನು ಚೌಕಟ್ಟು ಹಿಡಿದೇ ನಿಂತಿದ್ದೆ. ನಾನು ಇಲ್ಲೇ ಹೀಗೇ ಸಾಯುತ್ತೇನೆ, ನನ್ನ ಹಿಂದೆ ಅವರಿಬ್ಬರೂ ಸಾಯುತ್ತಾರೆ ಎಂದು ಸ್ಪಷ್ಟವಾಗಿ ಅನ್ನಿಸಿತು.

"ಅಕ್ಕಾ! ಕಳ್ಳಿ ದಾರಿ! ಬಾ!"

ತಿರುಗಿದರೆ ತಂಗಿ ಮಂಚದಿಂದ ಇಳಿದಿದ್ದಳು. ಅಮ್ಮನ ಹಳೆಯ ಸೀರೆಯಿಂದ ಕೂಸನ್ನು ಆಗಲೇ ಎದೆಗೆ ಬಿಗಿದು ಕಟ್ಟಿಕೊಂಡಿದ್ದಳು. ಅವಳ ಮುಖದಲ್ಲಿ ಬಾಣಂತಿ ಇರಲಿಲ್ಲ. ನನ್ನ ರಟ್ಟೆ ಹಿಡಿದು ಎಳೆದ ಮೇಲೆಯೇ ನನಗೆ ಕಾಲು ಬಂದದ್ದು. ನಡುಮನೆಯಲ್ಲಿ ನೀರು ಮೊಣಕಾಲಿಗೆ ಬರುತ್ತಿತ್ತು, ಕುರ್ಚಿಗಳು ತಿರುಗುತ್ತಿದ್ದವು. ಹಿತ್ತಲಿಗೂ ನುಗ್ಗಿದ್ದ ನೀರಿನ ಒತ್ತಡಕ್ಕೆ ಹಿತ್ತಲ ಬಾಗಿಲು ತೆರೆಯಲಿಲ್ಲ. ಇಬ್ಬರೂ ಸೇರಿ ಭುಜ ಕೊಟ್ಟೆವು. ಒಗೆಯುವ ಕಲ್ಲು, ಒರಳು, ಇಟ್ಟಿಗೆ. ಅವಳು ಗೋಡೆಯ ಮೇಲೆ ಒಂದು ಕೈ ಊರಿ, ಇನ್ನೊಂದನ್ನು ಕೂಸಿನ ತಲೆಯ ಮೇಲಿಟ್ಟು, ನರಳುತ್ತಲೇ ಆಚೆ ಇಳಿದಳು. ನಾನು ಹತ್ತುವಾಗ ಇಟ್ಟಿಗೆಗಳು ಕಾಲಡಿಯಿಂದ ಜಾರಿ ನೀರಿಗೆ ಹೋದವು. ಅವಳು ನನ್ನ ಜಡೆಯನ್ನೇ ಹಿಡಿದು ಎಳೆದುಕೊಂಡಳು.

ಕೊಬ್ಬರಿ ಅಟ್ಟದ ಮೆಟ್ಟಿಲ ತುದಿಯಲ್ಲಿ ಕೂತು ನೋಡುತ್ತಿದ್ದಂತೆ ನಮ್ಮ ಹಿತ್ತಲ ಗೋಡೆ ಮಲಗಿಕೊಂಡಿತು. ಏರಿಯ ಮೇಲೆ ಇನ್ನೂ ವಾದ್ಯ ನಡೆಯುತ್ತಿತ್ತು. ಅವು ಒಂದೊಂದಾಗಿ ನಿಂತದ್ದು ಯಾವಾಗಲೋ. ಕೊನೆಗೆ ಅಪ್ಪ ಅಮ್ಮ ಓಡಿ ಬಂದು ಹಳ್ಳದ ಆಚೆ ದಡದಲ್ಲಿ ನಿಂತರು. ಅದು ದಡವೇ ಆಗಿತ್ತು, ಬೀದಿ ಎನ್ನಲು ಏನೂ ಉಳಿದಿರಲಿಲ್ಲ. ಅಮ್ಮ ನಮ್ಮ ಬಾಗಿಲಿನ ಕಡೆ ನೋಡಿ ಎದೆ ಬಡಿದುಕೊಳ್ಳುತ್ತಿದ್ದಳು, ಅಪ್ಪ ನೀರಿಗಿಳಿಯಲು ಹೋಗುತ್ತಿದ್ದ, ಇಬ್ಬರು ಅವನನ್ನು ಹಿಡಿದಿದ್ದರು. ಅವರು ನಮ್ಮನ್ನು ನೋಡುತ್ತಲೇ ಇರಲಿಲ್ಲ. ನಾನು ಕೂಗಿದ್ದು ಆ ಸದ್ದಿನಲ್ಲಿ ಕೇಳಲಿಲ್ಲ. ತಂಗಿ ಎದ್ದು ನಿಂತು, ಎದೆಯ ಗಂಟು ಬಿಚ್ಚಿ, ಕೂಸನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದಳು. ತುಂಬಿದ ಕೆರೆಗೆ ನೇರ ಮುಖವಾಗಿ. ಕೂಸು ಕಿಟಾರನೆ ಅತ್ತಿತು. ಅಮ್ಮ ಅಲ್ಲೇ ಕುಸಿದು ಕೂತದ್ದು ಕಾಣಿಸಿತು.

ನೀರು ಇಳಿದ ಮೇಲೆ ಮನೆಯೊಳಗೆ ಹೋದೆವು. ಗೋಡೆಯ ಮೇಲೆ ನೀರಿನ ಗುರುತು ಮಂಚಕ್ಕಿಂತ ಗೇಣು ಮೇಲಿತ್ತು. ನೆಲದ ತುಂಬ ಮರಳು. ನುಣ್ಣಗೆ, ತೊಳೆದಿಟ್ಟಂಥ ಮರಳು, ತಂಗಿಯ ಕೋಣೆಯಲ್ಲಿ ಎಲ್ಲಕ್ಕಿಂತ ಜಾಸ್ತಿ. ಅಪ್ಪ ಒಂದು ಮುಷ್ಟಿ ಎತ್ತಿಕೊಂಡು, ಪಾಯದ ಮರಳಿನಲ್ಲೇ ಎದ್ದಿದ್ದ ಗೋಡೆಯ ಪಕ್ಕ ಹಿಡಿದು ನೋಡಿದ. "ಇದು ಅದೇಯಾ ಕಣವ್ವಾ" ಎಂದ.

ನಾವು ಬುಟ್ಟಿಯಲ್ಲಿ ಹೊತ್ತು ಮರಳನ್ನು ಬಾಗಿಲ ಮುಂದೆ ಗುಡ್ಡೆ ಹಾಕುತ್ತಿದ್ದಾಗ, ಬೀದಿಯ ಕೆಳಗಡೆ ಹೊಸ ಮನೆಗೆ ಪಾಯ ತೋಡಿಸಿದ್ದವರು ಬಂದರು. ಅವರ ಪಾಯದ ಗುಂಡಿ ಕೆರೆಯಂತಾಗಿತ್ತು. ಆದರೂ ಗುಡ್ಡೆಯ ಕಡೆ ಆಸೆಯಿಂದ ನೋಡಿ, "ಒಳ್ಳೆ ಮರಳು, ಸುಮ್ನೆ ಯಾಕೆ ಬಿಸಾಕ್ತೀರಾ? ಗಾಡಿ ತತ್ತೀನಿ" ಎಂದರು. ಹಿಂದಿನ ಅಪ್ಪನಾಗಿದ್ದರೆ ತಾನೇ ಸಲಿಕೆ ಹಿಡಿದು ತುಂಬಿಸುತ್ತಿದ್ದ. ಅವನು ಬುಟ್ಟಿ ಕೆಳಗಿಟ್ಟ.

"ತಕ್ಕೊಂಡೋಗಿ. ಆದ್ರೆ ಎಲ್ಲಿಂದ ಬಂತು ಅಂತ ಕೇಳ್ಕಂಡು ತಕ್ಕೊಂಡೋಗಿ" ಎಂದ.

ಅವರು ಗಾಡಿ ತರಲಿಲ್ಲ.

ಅಪ್ಪ ಅಮ್ಮ ಈಗ ಏರಿಯ ಇನ್ನೊಂದು ತುದಿಯಲ್ಲಿ, ಎತ್ತರದಲ್ಲಿ ಬಾಡಿಗೆಗಿದ್ದಾರೆ. ಭಾನುವಾರದ ಆಟ ನಡೆಯುತ್ತಿದೆ, ಅವಳಿಪುರದ ಪೇಟೆ ಬೀದಿಯಲ್ಲಿ ಹಳ್ಳವನ್ನೇ ಬರೆದಿದ್ದೇನೆ. ಮೊನ್ನೆ ಊರಿಗೆ ಹೋಗಿದ್ದೆ. ತಂಗಿಯೂ ಬಂದಿದ್ದಳು, ಕೂಸು ಅಂಬೆಗಾಲಿಡುತ್ತಿತ್ತು. ಅಡುಗೆಮನೆಗೆ ಹೋದವಳು ಅಭ್ಯಾಸದಂತೆ ಮೂಗರಳಿಸಿ, "ಗ್ಯಾಸ್ ವಾಸನೆ ಬರ್ತಿದೆಯಾ?" ಎಂದೆ. ಯಾರಾದರೂ ನಗುತ್ತಾರೆ ಎಂದು ಕಾದೆ. ನಗು ಬರಲಿಲ್ಲ. ಹಿಂತಿರುಗಿ ನೋಡಿದರೆ ಅಪ್ಪ ಊಟದ ತಟ್ಟೆ ಬಿಟ್ಟು ಎದ್ದು ಹೊರಬಿದ್ದಿದ್ದ, ತಂಗಿ ಕೂಸನ್ನು ಬಾಚಿಕೊಂಡು ಅಂಗಳಕ್ಕೆ ಓಡಿದ್ದಳು, ಅಮ್ಮ ಬರಿಗಾಲಲ್ಲಿ ಅವಳ ಹಿಂದೆ. ಸಿಲಿಂಡರಿಗೆ ಏನೂ ಆಗಿರಲಿಲ್ಲ. ಮೂವರೂ ಬಿಸಿಲಲ್ಲಿ ನಿಂತು, ನಾನು ಇನ್ನೇನು ಹೇಳುತ್ತೇನೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದರು. ಆ ಖಾಲಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅವರು ನಗುತ್ತಿದ್ದಷ್ಟು ಕಾಲ ನನಗೆ ಎಷ್ಟು ಧೈರ್ಯವಿತ್ತು.